ಮಲಗಿದ ಸಮಾಧಿ

"ಇದು ಯಾರ ಸಮಾಧಿ?" ಶಿವಗಂಗಮ್ಮ ಕೇಳಿದರು.

ಹರ್ಷವರ್ಧನ್ ಹಲ್ಲು ಕಿರಿದ. "ಏನಮ್ಮಾ, ನಿಮ್ಮನೆ ಹಿರೀಕರನ್ನ ನೀವೇ ಮರೆತುಬಿಟ್ರಾ? ಸಿದ್ದೇಶ್ವರಯ್ಯನೋರದ್ದು. ನಿಮ್ಮ ಮಾವನೋರು. ಕಲ್ಲು ಕಿತ್ತು ಪಾಳು ಬಿದ್ದಿತ್ತು. ನಾನೇ ಮುಂದೆ ನಿಂತು ಗ್ರಾನೈಟ್ ಹಾಕಿಸ್ದೆ."

"ನಮ್ ಮಾವನ್ದಾ?"

"ಹೆಸರು ಕೆತ್ತಿಸಿದ್ದೀನಲ್ಲಮ್ಮ, ಓದಿ."

ಹೆಸರೇನೋ ಇತ್ತು. ಕರಿ ಗ್ರಾನೈಟಿನ ಮೇಲೆ ಹೊಂಬಣ್ಣದ ಅಕ್ಷರ: ‘ಲಿಂಗೈಕ್ಯ ಶ್ರೀ ಸಿದ್ದೇಶ್ವರಯ್ಯನವರು’. ಸುತ್ತ ಸ್ಟೀಲ್ ಸರಪಳಿ, ಮೂಲೆ ಮೂಲೆಗೂ ಕ್ರೋಟನ್ ಗಿಡ. ಇಡೀ ಸಿರಿಹೊನ್ನು ಬಡಾವಣೆಯಲ್ಲಿ ಅದರ ಡೆವಲಪರ್ ಆದ ಈ ಮಹಾನುಭಾವ ಪೂರ್ತಿ ಕಟ್ಟಿ ಮುಗಿಸಿದ ಕೆಲಸ ಅಂದರೆ ಇದೊಂದೇ. ಚರಂಡಿ ಇಲ್ಲ, ನೀರಿನ ಪೈಪಿಲ್ಲ. ಬೀದಿಯಲ್ಲಿ ಕಂಬಗಳಿವೆ, ಅವುಗಳಿಗೆ ದೀಪವಿಲ್ಲ.

ನಾನು ಆಶಾರಾಣಿ, ಹಾಸನದಲ್ಲಿ ವಕೀಲಿ ಮಾಡುವವಳು. ಇಲ್ಲಿ ಸೈಟು ಕೊಂಡು ಕೈ ಸುಟ್ಟುಕೊಂಡ ಮೇಷ್ಟ್ರು, ಕಂಡಕ್ಟರು, ನರ್ಸುಗಳ ಪರವಾಗಿ, ಬಡಾವಣೆಗಳ ಮೇಲೆ ನಿಗಾ ಇಡುವ ರೇರಾ ಪ್ರಾಧಿಕಾರದ ಮುಂದೆ ದೂರು ಹಾಕಿದವಳೂ ನಾನೇ. ಮಂಜೂರಾದ ನಕ್ಷೆಯಲ್ಲಿ ದುದ್ದದ ರಸ್ತೆಗೆ ಹೊಂದಿಕೊಂಡೇ ಉದ್ಯಾನವಿದೆ. ರಸ್ತೆ ಪಕ್ಕದ ಆ ಜಾಗ ಉದ್ಯಾನವಾದರೆ ಮಕ್ಕಳು ಆಡುತ್ತವೆ, ಅಂಗಡಿ ಸೈಟಾದರೆ ಹರ್ಷವರ್ಧನನ ಏಳು ತಲೆಮಾರು ಕೂತು ಉಣ್ಣುತ್ತದೆ. ಅದಕ್ಕೇ ಅವನು ಪ್ರಮಾಣಪತ್ರ ಸಲ್ಲಿಸಿದ್ದ: ಈ ಜಾಗದಲ್ಲಿ ಭೂಮಾಲೀಕರ ಮನೆತನದ ಸಮಾಧಿ ಇದೆ, ಇಲ್ಲಿ ಉದ್ಯಾನ ಮಾಡುವುದು ಅಪಚಾರ, ಆದ್ದರಿಂದ ಉದ್ಯಾನವನ್ನು ಹಿಂದಿನ ಹಳ್ಳದ ಬದಿಗೆ ತಳ್ಳಲು ಅಪ್ಪಣೆಯಾಗಬೇಕು. ಅಬ್ಬಾ, ಎಂಥಾ ಭಕ್ತಿ!

ಪ್ರಾಧಿಕಾರ ಸ್ಥಳ ತನಿಖೆಗೆ ಆದೇಶ ಕೊಟ್ಟಿತು. ನಗರ ಯೋಜನೆಯ ಎಂಜಿನಿಯರು ಟೇಪು ಹಿಡಿದು ಬಂದಿದ್ದರು. ಸೈಟು ಕೊಂಡವರಲ್ಲಿ ಒಂದಷ್ಟು ಜನ ರಜೆ ಹಾಕಿ ಬಂದು ಬಿಸಿಲಲ್ಲಿ ನಿಂತಿದ್ದರು.

ಶಿವಗಂಗಮ್ಮನವರನ್ನು ಕಟ್ಟಾಯದಿಂದ ಕರೆತಂದಿದ್ದು ನಾನು. ಈ ನೆಲ ಅವರದ್ದಾಗಿತ್ತು. ಅವರ ಮಗ ರಜನೀಶ್ ಹರ್ಷವರ್ಧನನ ಹತ್ತಿರವೇ ಎಂಜಿನಿಯರಾಗಿದ್ದ, ಬಡಾವಣೆಯ ನಕ್ಷೆ ಬರೆದವನೂ ಅವನೇ. ದೀಪಾವಳಿ ಕಳೆದ ವಾರದಲ್ಲಿ ಅವನೂ, ಅರಕಲಗೂಡಿನ ದೇವರಾಜ್ ಎಂಬ ಮೇಸ್ತ್ರಿಯೂ ಒಟ್ಟಿಗೆ ಕಾಣೆಯಾದರು. ಜನರ ಮುಂಗಡವನ್ನೆಲ್ಲ ಬಾಚಿಕೊಂಡು ಓಡಿಹೋದರು ಅಂತ ಹರ್ಷವರ್ಧನ್ ಊರೆಲ್ಲ ಸಾರಿದ. ಊರೂ ನಂಬಿತು. ನಂಬದೆ ಉಳಿದದ್ದು ಶಿವಗಂಗಮ್ಮ ಒಬ್ಬರೇ. ಕಟ್ಟಾಯದ ತಮ್ಮ ದಿನಸಿ ಅಂಗಡಿಗೆ ಬಂದು ಯಾರಾದರೂ ಕೊಂಕು ನುಡಿದರೆ, ತೂಗಿದ ಸಾಮಾನನ್ನು ಚೀಲಕ್ಕೆ ವಾಪಸ್ ಸುರಿದು, "ನನ್ ಮಗ ಕಳ್ಳ ಅಲ್ಲ. ನಿಂಗೆ ಸಾಮಾನ್ ಇಲ್ಲ, ಓಗು" ಎಂದು ಕಳಿಸುತ್ತಿದ್ದರು.

ಈಗ ಅವರು ಸರಪಳಿ ದಾಟಿ ಒಳಗೆ ಹೋದರು. ಕುಕ್ಕರುಗಾಲಲ್ಲಿ ಕೂತು ಕಲ್ಲನ್ನು ಮೊಳ ಹಾಕಿ ಅಳೆದರು. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ.

"ಏನಪ್ಪಾ, ನಮ್ ಮಾವನ್ನ ಯಾಕ್ ಮಲಗ್ಸಿದ್ದೀಯ?"

ಹರ್ಷವರ್ಧನನ ಹಲ್ಲು ಇನ್ನೂ ಹೊರಗೇ ಇದ್ದವು. "ಏನಂದ್ರಿ?"

"ಮಲಗ್ಸಿದ್ದೀಯಲ್ಲ, ಯಾಕೆ ಅಂತ ಕೇಳ್ದೆ. ನಮ್ಮೋರು ಸತ್ರೆ ಮಲಗಾಕಿಲ್ಲ. ಕೂತ್ಕತ್ತಾರೆ."

ನಾನು ಕಲ್ಲನ್ನು ಇನ್ನೊಮ್ಮೆ ನೋಡಿದೆ.

ನಾನು ಹೊಳೆನರಸೀಪುರದ ಹಳೇಕೋಟೆಯವಳು. ನಮ್ಮ ಮನೆಗಳಲ್ಲಿ ಸತ್ತವರನ್ನು ಹೊಲದಲ್ಲಿ ಉದ್ದಕ್ಕೆ ಮಲಗಿಸಿ ಮಣ್ಣು ಮಾಡುತ್ತೇವೆ. ಈ ಸಮಾಧಿಯ ಫೋಟೋ ವಾರಗಟ್ಟಲೆ ನನ್ನ ಮೇಜಿನ ಮೇಲಿತ್ತು, ಉದ್ದನೆಯ ಕಲ್ಲು ನೋಡಿ ನನಗೆ ಏನೂ ಅನ್ನಿಸಿರಲಿಲ್ಲ. ಸಮಾಧಿ ಅಂದರೆ ಹಾಗೇ ತಾನೆ ಇರುವುದು! ಆದರೆ ಶಿವಗಂಗಮ್ಮನವರ ಪೈಕಿಯಲ್ಲಿ ಹೆಣವನ್ನು ಕೂರಿಸುತ್ತಾರೆ, ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ ತುಂಬಿ. ಅಂಥ ಮಣ್ಣಿಗೆ ನಾನೇ ಎಷ್ಟು ಸಲ ಹೋಗಿಲ್ಲ. ಕೂತವರ ಮೇಲೆ ಕಟ್ಟುವುದು ಚೌಕದ ಗದ್ದುಗೆ. ಇಲ್ಲಿ ನನ್ನೆದುರು ಇದ್ದದ್ದು ಆಳುದ್ದದ ಕಲ್ಲು.

ಹರ್ಷವರ್ಧನನೂ ನಮ್ಮ ಕಡೆಯವನೇ. ಅವನಿಗೂ ಸಮಾಧಿ ಅಂದರೆ ಹಾಗೇ ಇರುವುದು.

"ಗ್ರಾನೈಟು ಆ ಸೈಜಲ್ಲೇ ಬರೋದು ಕಣಮ್ಮ," ಎಂದ. ತುಂಬ ಬೇಗ ಹೇಳಿದ.

"ಅಂಗಾ?" ಶಿವಗಂಗಮ್ಮ ಎದ್ದರು. "ಇಲ್ಲೊಂದು ಬಾವಿ ಇತ್ತಲ್ಲ? ಪಕ್ಕದಾಗೆ ಒಂಗೆ ಮರ?"

ಅವರೇ ನಡೆದರು. ಮೇಷ್ಟ್ರು, ಕಂಡಕ್ಟರು, ಎಂಜಿನಿಯರು ಎಲ್ಲರೂ ಅವರ ಹಿಂದೆ ಹೋದೆವು. ಬಡಾವಣೆಯ ದೊಡ್ಡ ರಸ್ತೆಯ ನಡುಮಧ್ಯೆ, ಮುಚ್ಚಿ ತೇಪೆ ಹಾಕಿದ್ದ ಬಾವಿಯ ಗುರುತಿನಿಂದ ಒಂದು ಮಾರು ಆಚೆ ನಿಂತು, ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದರು.

"ನಮ್ ಮಾವ ಕೂತಿರೋದು ಇಲ್ಲಿ. ಮದ್ವೆಯಾಗಿ ಬಂದ ವರ್ಸ ನಾನೇ ನೋಡಿವ್ನಿ, ಮಣ್ಣಾಕಿವ್ನಿ. ಇವ್ನು ಅವ್ರ ತಲೆ ಮ್ಯಾಲೆ ಡಾಂಬರ್ ಉಯ್ಸವ್ನೆ." ಅವರು ತಿರುಗಿ ಹರ್ಷವರ್ಧನನ ಮುಖಕ್ಕೆ ಮುಖ ಕೊಟ್ಟರು. "ಅಂಗಾರೆ ಅಲ್ಲಿ ಮಲಗಿರೋರು ಯಾರಪ್ಪ?"

ಗುಂಪಿನಲ್ಲಿ ಯಾರೋ ಅಯ್ಯೋ ಎಂದರು. ಎಂಜಿನಿಯರು ಟೇಪು ಸುತ್ತುತ್ತಾ, ಉದ್ದ ಅಳೆಯುವುದಷ್ಟೇ ತಮ್ಮ ಕೆಲಸ ಎನ್ನುವ ಹಾಗೆ ನೆಲ ನೋಡಿದರು. ಹರ್ಷವರ್ಧನ್ ಜೇಬಿನಿಂದ ಕರ್ಚೀಫು ತೆಗೆದ. ವಯಸ್ಸಾದವರಿಗೆ ಜಾಗದ ಗುರುತು ಸಿಗುವುದಿಲ್ಲ ಎಂದು ಏನೇನೋ ಗೊಣಗಿ ಕಾರು ಹತ್ತಿದ.

ನನ್ನ ಕಾರಿನಲ್ಲಿ ಕಟ್ಟಾಯದ ದಾರಿ ಅರ್ಧ ಮುಗಿದಾಗ ಶಿವಗಂಗಮ್ಮ, "ನನ್ ಮಗ ಇದ್ದಿದ್ರೆ ತಾತನ ಸಮಾಧಿನ ಅಂಗೆ ಕಟ್ಟಾಕೆ ಬಿಡ್ತಿದ್ನಾ?" ಎಂದರು.

"ಇಲ್ಲ ಕಣಮ್ಮ."

"ಅಂಗಾರೆ ಅವ್ನು ಒರಗಿಲ್ಲ. ಒಳಗವ್ನೆ."

ಸಮಾಧಾನ ಹೇಳಬೇಕಿತ್ತು. ಆದರೆ ನನಗೂ ಹಾಗೇ ಅನ್ನಿಸಿತ್ತು. ಆ ಗ್ರಾನೈಟು ಹಾಕಿಸಿದ್ದು ಯಾವಾಗ ಎಂದು ಬೆಳಿಗ್ಗೆಯೇ ಮೇಷ್ಟ್ರೊಬ್ಬರನ್ನು ಕೇಳಿದ್ದೆ. ದೀಪಾವಳಿ ಕಳೆದ ವಾರ ಅಂದಿದ್ದರು.

"ಅಳ್ತೀನಿ ಅಂದ್ಕಬ್ಯಾಡ," ಎಂದರು ಶಿವಗಂಗಮ್ಮ. "ಕಲ್ಲು ತೆಗೆಸು. ನನ್ ಮಗ ಕಳ್ಳ ಅಲ್ಲ ಅಂತ ಊರೋರೆಲ್ಲ ಕಣ್ಣಾರೆ ನೋಡ್ಲಿ. ಆಮೇಲ್ ಅಳ್ತೀನಿ."

ಸಮಾಧಿ ತೆಗೆಸುವುದು ನಮ್ಮಿಷ್ಟಕ್ಕೆ ಆಗುವ ಕೆಲಸವಲ್ಲ. ಅದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ನಮ್ಮಲ್ಲಿ ಆ ಅಧಿಕಾರ ಇರುವುದು ಉಪವಿಭಾಗಾಧಿಕಾರಿಗೆ, ಜನ ಎ.ಸಿ. ಅನ್ನುತ್ತಾರಲ್ಲ, ಅವರಿಗೆ. ನಾನು ಅರ್ಜಿ ಹಾಕಿದೆ. ವಿಚಾರಣೆಯ ದಿನ ಹರ್ಷವರ್ಧನ್ ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದಿದ್ದ. ಹೊಳೆನರಸೀಪುರದ ನಮ್ಮ ಕಡೆಯ ಗಂಡಸಿಗೆ ಇದ್ದಕ್ಕಿದ್ದ ಹಾಗೆ ಇಷ್ಟೊಂದು ಶಿವಭಕ್ತಿ ಉಕ್ಕಿದ್ದು ನೋಡಿ ನಗು ತಡೆದುಕೊಂಡೆ.

ಎ.ಸಿ. ಮೇಡಂ ಇನ್ನೂ ಚಿಕ್ಕ ವಯಸ್ಸಿನವರು. ಮೇಜಿನ ಮೇಲೆ ಕಡತಗಳ ರಾಶಿ. ಹೊರಗೆ ಇ-ಖಾತೆಗೆ ಅಲೆದಾಡುವ ಜನ. ಇ-ಖಾತೆ ಇಲ್ಲದೆ ಸೈಟು ನೋಂದಣಿಯಾಗುವುದಿಲ್ಲ ಎಂದು ಆದಾಗಿನಿಂದ ಆ ವರಾಂಡದಲ್ಲಿ ಕಾಲಿಡಲು ಜಾಗವಿಲ್ಲ.

"ಮೇಡಂ, ಇದು ಧಾರ್ಮಿಕ ಭಾವನೆ ವಿಷಯ," ಹರ್ಷವರ್ಧನ್ ಶುರು ಮಾಡಿದ. "ಒಂದು ಮನೆತನದ ಹಿರಿಯರ ಸಮಾಧಿ. ಅಗೆಸಿದರೆ ಜನ ಸುಮ್ಮನಿರಲ್ಲ. ನಾಳೆ ಊರಲ್ಲಿ ಗಲಾಟೆ ಆದರೆ ನಾನು ಹೊಣೆ ಅಲ್ಲ."

"ಗಲಾಟೆ ಮಾಡೋ ಜನ ಯಾರು?" ಎಂದೆ. "ಆ ಮನೆತನದವರು ಇಲ್ಲೇ ಕೂತಿದ್ದಾರೆ. ಬೇರೆ ಯಾರಾದರೂ ಇದ್ದರೆ ಹೆಸರು ಹೇಳಿ."

"ಆಶಾ ಮೇಡಂ, ನೀವು ಉದ್ಯಾನದ ಕೇಸಿಗೆ ಇದನ್ನ ಗಂಟು ಹಾಕ್ತಿದ್ದೀರಿ."

"ಗಂಟು ಹಾಕಿದ್ದು ನೀವು. ಉದ್ಯಾನ ನುಂಗೋಕೆ ಸಮಾಧಿ ತಂದಿಟ್ಟಿದ್ದು ನೀವು."

"ಎಲ್ಲಿಂದಲೂ ತಂದಿಟ್ಟಿಲ್ಲ. ಅದು ಅಲ್ಲೇ ಇತ್ತು."

ನಾನು ಅವನ ಪ್ರಮಾಣಪತ್ರವನ್ನು ಎ.ಸಿ.ಯವರ ಮುಂದಿಟ್ಟು ಗಟ್ಟಿಯಾಗಿ ಓದಿದೆ. ಸದರಿ ಸಮಾಧಿಯು ದಿವಂಗತ ನಂಜಯ್ಯನವರ ಕುಟುಂಬಕ್ಕೆ ಸೇರಿದ್ದು, ಅದರ ಮೇಲೆ ಆ ಕುಟುಂಬಕ್ಕಲ್ಲದೆ ನನಗಾಗಲಿ ಇನ್ನಾರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ. ಕೆಳಗೆ ಹರ್ಷವರ್ಧನನ ಸಹಿ. ರೇರಾ ಮುಂದೆ ದೊಡ್ಡ ಮನುಷ್ಯನಾಗಲು ಬರೆದುಕೊಟ್ಟ ಸಾಲು.

"ನಂಜಯ್ಯನವರ ಹೆಂಡತಿ ಇವರು," ಎಂದೆ.

ಶಿವಗಂಗಮ್ಮ ಎದ್ದು ನಿಂತರು. ಕೂತೇ ಮಾತಾಡಿ ಎಂದು ಎ.ಸಿ. ಹೇಳಿದರೂ ಕೂರಲಿಲ್ಲ.

"ಅಮ್ಮಾವ್ರೆ, ನಂಗೆ ಕಾನೂನ್ ಗೊತ್ತಿಲ್ಲ. ಅದು ನಮ್ ಮಾವನ ಸಮಾಧಿ ಅಲ್ಲ ಅಂದ್ರೆ ಇವ್ನು ಸುಳ್ ಪ್ರಮಾಣ ಮಾಡವ್ನೆ, ಇವ್ನ ಇಡ್ಕಳ್ಳಿ. ಅಲ್ಲ, ನಮ್ ಮಾವನ್ದೇ ಅಂದ್ರೆ, ಸೊಸೆ ನಾನು ಏಳ್ತಿವ್ನಿ, ತೆಗೀರಿ. ಎರಡ್ರಾಗೆ ಯಾವ್ದು ಅಂತ ಅವ್ನ ಬಾಯಲ್ಲೇ ಕೇಳಿ."

ಎ.ಸಿ. ಮೇಡಂ ಪೆನ್ನು ಕೆಳಗಿಟ್ಟು ಅವನ ಕಡೆ ನೋಡಿದರು. "ಹೇಳಿ."

ಹರ್ಷವರ್ಧನನ ಹಣೆಯ ಬೆವರಿಗೆ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು.

"ಐದು ನಿಮಿಷ ಟೈಮ್ ಕೊಡಿ ಮೇಡಂ. ವಕೀಲರ ಹತ್ರ ಮಾತಾಡ್ಬೇಕು."

ಅವನು ಮಾತಾಡಿದ್ದು ತನ್ನ ವಕೀಲರ ಹತ್ತಿರವಲ್ಲ. ವರಾಂಡದಲ್ಲಿ ನನ್ನನ್ನೇ ಅಡ್ಡಗಟ್ಟಿದ.

"ಮೇಡಂ, ಇಲ್ಲಿಗೆ ಮುಗಿಸೋಣ. ಉದ್ಯಾನ ನಿಮ್ಮದು. ಸಮಾಧಿ ಒಂದು ಬಿಟ್ಟು ಅಷ್ಟೂ ಜಾಗನ ನಾಳೆನೇ ಪಂಚಾಯ್ತಿಗೆ ಬಿಟ್ಟುಕೊಟ್ಟು ರಿಜಿಸ್ಟರ್ ಮಾಡಿಸ್ತೀನಿ. ಚರಂಡಿ, ನೀರು, ಎಲ್ಲರ ಇ-ಖಾತೆ, ನಾನೇ ಓಡಾಡಿ ಮಾಡಿಸಿಕೊಡ್ತೀನಿ. ನಿಮ್ಮ ಜನ ನಿಮ್ಮನ್ನ ಹೊತ್ತು ಮೆರೆಸ್ತಾರೆ. ಈ ಮುದುಕಿ ಅರ್ಜಿ ಒಂದು ವಾಪಸ್ ತಗೊಳ್ಳಿ."

ಎರಡು ವರ್ಷ ಕೋರ್ಟಿನ ಮೆಟ್ಟಿಲು ಸವೆಸಿದರೂ ಒಂದು ಕ್ರೋಟನ್ ಗಿಡವನ್ನೂ ಬಿಡದವನು ಈಗ ಕೋಟಿ ಬೆಲೆಯ ಜಾಗ ಬಿಡಲು ತಯಾರಾಗಿದ್ದ. ಆ ಕಲ್ಲಿನ ಕೆಳಗೆ ಇರುವುದು ಎಷ್ಟು ಬೆಲೆ ಬಾಳುತ್ತದೆ ಎಂದು ಅವನ ಬಾಯಿಂದಲೇ ಗೊತ್ತಾಯಿತು. ನನಗೆ ಮೈಯೆಲ್ಲ ಉರಿಯಿತು.

"ಉದ್ಯಾನ ನೀವು ಕೊಡೋದಲ್ಲ ಹರ್ಷವರ್ಧನ್. ನಕ್ಷೆ ಮಂಜೂರಾದ ದಿನದಿಂದ ಅದು ಆ ಜನರದ್ದೇ. ಬಿಟ್ಟುಕೊಡ್ತೀನಿ ಅಂತ ಈಗ ಹೇಳಿದ್ದನ್ನ ಪ್ರಾಧಿಕಾರದ ಮುಂದೆ ಬರೆದುಕೊಡಿ, ಬೇಡ ಅನ್ನಲ್ಲ. ಅರ್ಜಿ ಮಾತ್ರ ವಾಪಸ್ ಇಲ್ಲ."

"ಹಠ ಮಾಡ್ಬೇಡಿ. ನಿಮಗೇ ಕೆಟ್ಟದ್ದು."

"ಬೆದರಿಕೆನಾ? ಸ್ವಲ್ಪ ಜೋರಾಗಿ ಹೇಳಿ. ಇ-ಖಾತೆಗೆ ನಿಂತಿರೋ ಇವರೆಲ್ಲ ಸಾಕ್ಷಿಯಾಗ್ತಾರೆ."

ಸಾಲಿನಲ್ಲಿದ್ದವರು ನಮ್ಮ ಕಡೆಯೇ ನೋಡುತ್ತಿದ್ದರು. ಹೆಗಲಿಗೆ ಟವೆಲು ಹಾಕಿದ್ದ ಚನ್ನರಾಯಪಟ್ಟಣದ ಕಡೆಯ ಯಜಮಾನರೊಬ್ಬರು, "ಜೋರಾಗಿ ಏಳಪ್ಪ, ನಮ್ಗೂ ಕೇಳ್ಲಿ" ಎಂದರು. ಹರ್ಷವರ್ಧನ್ ಒಳಗೆ ಹೋಗಿ, ಸಮಾಧಿ ಆ ಕುಟುಂಬದ್ದೇ ಎಂದು ಇನ್ನೊಮ್ಮೆ ಒಪ್ಪಿಕೊಂಡ. ಬೇರೆ ದಾರಿ ಅವನಿಗಿರಲಿಲ್ಲ. ಎ.ಸಿ. ಮೇಡಂ ಅಲ್ಲೇ ಆದೇಶ ಬರೆಸಿದರು.

ಸಮಾಧಿ ತೆಗೆಯುವ ಬೆಳಿಗ್ಗೆ ಬಡಾವಣೆ ಎಂದೂ ಕಾಣದಷ್ಟು ಜನರನ್ನು ಕಂಡಿತು. ಎ.ಸಿ. ಮೇಡಂ, ಪೊಲೀಸರು, ಸರ್ಕಾರಿ ಆಸ್ಪತ್ರೆಯ ಡಾಕ್ಟರು, ಹಾರೆ ಗುದ್ದಲಿ ಹಿಡಿದ ಆಳುಗಳು. ದುದ್ದದ ಕಡೆಯಿಂದ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವರು ಬೈಕು ನಿಲ್ಲಿಸಿ ಇಣುಕಿದರು. ಹರ್ಷವರ್ಧನ್ ದೂರದಲ್ಲಿ ತನ್ನ ಕಾರಿಗೆ ಒರಗಿ ನಿಂತಿದ್ದ. ಇವತ್ತು ವಿಭೂತಿ ಇರಲಿಲ್ಲ.

ಗುಂಪಿನಾಚೆ ಒಬ್ಬಳೇ ನಿಂತಿದ್ದವಳನ್ನು ನೋಡಿ ನನಗೆ ಕಸಿವಿಸಿಯಾಯಿತು. ಧನ್ಯಾ. ಕಾಣೆಯಾದ ಮೇಸ್ತ್ರಿ ದೇವರಾಜನ ಹೆಂಡತಿ. ಅರಕಲಗೂಡಿನಿಂದ ಮೊದಲ ಬಸ್ಸಿಗೇ ಬಂದಿರಬೇಕು. ಹಿಂದೊಮ್ಮೆ ಇವಳು ಕಟ್ಟಾಯದ ಅಂಗಡಿಯ ಮುಂದೆ ನಿಂತು, ನಿಮ್ಮ ಮಗ ನನ್ನ ಗಂಡನ ತಲೆ ಕೆಡಿಸಿ ಕರೆದುಕೊಂಡು ಹೋದ ಎಂದು ಬಾಯಿಗೆ ಬಂದ ಹಾಗೆ ಬೈದಿದ್ದಳು. ಶಿವಗಂಗಮ್ಮನೂ ಬಿಟ್ಟಿರಲಿಲ್ಲ, ಮೇಸ್ತ್ರಿ ಸಹವಾಸದಿಂದಲೇ ನನ್ನ ಮಗ ಕೆಟ್ಟ ಎಂದು ತಿರುಗಿ ಬೈದಿದ್ದರು.

ಈಗ ಶಿವಗಂಗಮ್ಮ ಅವಳನ್ನು ಕೈಸನ್ನೆ ಮಾಡಿ ಕರೆದರು.

"ಬಾರವ್ವ ಇಲ್ಲಿ. ಒಬ್ಳೇ ಯಾಕ್ ನಿಂತಿದ್ದೀಯ?"

ಧನ್ಯಾ ಬಂದಳು. "ನಮ್ಮೋರು ಬದುಕವ್ರೆ ಅಂತಾನೇ ಅಂದ್ಕಂಡಿವ್ನಿ ಅಮ್ಮ. ದಿನಾ ಫೋನ್ ನೋಡ್ತೀನಿ."

"ನೋಡವ್ವ. ನೋಡೋದ್ ಬಿಡಬ್ಯಾಡ." ಶಿವಗಂಗಮ್ಮ ಅವಳ ಕೈ ಹಿಡಿದುಕೊಂಡರು. "ನನ್ ಮಗ ನಿನ್ ಗಂಡನ್ನ ಕೆಡ್ಸಿಲ್ಲ. ಅದು ಇವತ್ತು ಗೊತ್ತಾಯ್ತದೆ."

ಆಳುಗಳು ಸರಪಳಿ ಬಿಚ್ಚಿ, ಕ್ರೋಟನ್ ಗಿಡಗಳನ್ನು ಕಿತ್ತು ಪಕ್ಕಕ್ಕಿಟ್ಟರು. ಹಾರೆಯ ಮೊನೆಯಿಂದ ಗ್ರಾನೈಟಿನ ಅಂಚಿನ ಸಿಮೆಂಟು ಬಿಡಿಸತೊಡಗಿದರು. ಸಿಮೆಂಟು ಗಟ್ಟಿಯಾಗಿತ್ತು, ಕಿಡಿ ಹಾರಿತು. ನಾನು ಹರ್ಷವರ್ಧನನ ಮೇಲೆ ಒಂದು ಕಣ್ಣಿಟ್ಟಿದ್ದೆ. ಅವನು ಬೆನ್ನು ತಿರುಗಿಸಿ ಫೋನಿನಲ್ಲಿ ಮಾತಾಡಿದ. ಎರಡೇ ಮಾತು. ಫೋನನ್ನು ಜೇಬಿಗೆ ಹಾಕಿಕೊಂಡು, ನಮ್ಮ ಕಡೆ ತಿರುಗಿ ಕೈಕಟ್ಟಿ ನಿಂತ.

ಶಿವಗಂಗಮ್ಮನವರ ಕೈಚೀಲದಲ್ಲಿ ಫೋನು ಹೊಡೆದುಕೊಂಡಿತು.

ಅವರಿಗೆ ಕಿವಿ ಸ್ವಲ್ಪ ಮಂದ. ಫೋನಿನ ದನಿಯನ್ನು ಪೂರ್ತಿ ಏರಿಸಿಟ್ಟಿರುತ್ತಾರೆ. ಧನ್ಯಾಳ ಕೈ ಬಿಟ್ಟು, ನನ್ನ ಪಕ್ಕಕ್ಕೆ ಸರಿದು ಬಂದು ಕಿವಿಗಿಟ್ಟುಕೊಂಡರು. ಅದಕ್ಕೇ ನನಗೂ ಕೇಳಿಸಿತು.

"ಅವ್ವಾ."

ಶಿವಗಂಗಮ್ಮ ಫೋನನ್ನು ಕಿವಿಗೆ ಒತ್ತಿಕೊಂಡರು.

"ಅವ್ವಾ, ನಾನು. ರಜನಿ. ಕಲ್ಲು ತೆಗೆಸ್ಬ್ಯಾಡ."

ಆ ದನಿ ನಾನು ಕೇಳಿದ್ದೇ. ಶಿವಗಂಗಮ್ಮ ತಮ್ಮ ಫೋನಿನಲ್ಲಿ ಉಳಿಸಿಟ್ಟುಕೊಂಡಿದ್ದ ಹಳೆಯ ವಾಯ್ಸ್ ಮೆಸೇಜನ್ನು ನನಗೆ ಎಷ್ಟೋ ಸಲ ಕೇಳಿಸಿದ್ದರು.

"ಎಲ್ಲಿದ್ದೀಯೋ?" ಅವರು ತೀರಾ ಸಣ್ಣಗೆ ಕೇಳಿದರು. "ಉಂಡ್ಯಾ? ಉಸಾರಾಗಿದ್ದೀಯಾ?"

"ಉಸಾರಾಗಿವ್ನಿ. ಅದೆಲ್ಲ ಆಮ್ಯಾಕೆ. ಅರ್ಜಿ ವಾಪಸ್ ತಗಂತೀನಿ ಅನ್ನು. ಜಾಗದ ಗುರುತು ತಪ್ಪೋಯ್ತು ಅನ್ನು. ನಿನ್ ಕಾಲ್ ಇಡ್ಕತ್ತೀನಿ ಅವ್ವ."

"ಒಳಗೆ ಯಾರವ್ರೆ?"

ಆ ಕಡೆಯಿಂದ ಉಸಿರು ಮಾತ್ರ ಕೇಳಿಸಿತು.

"ರಜನಿ, ಒಳಗೆ ಯಾರವ್ರೆ ಅಂತ ಕೇಳ್ದೆ."

"ನಿಂಗೆ ಮಗ ಬೇಕೋ ಬ್ಯಾಡ್ವೋ, ಅಷ್ಟ್ ಏಳು."

ಅಲ್ಲಿ ಹಾರೆ ನಿಂತಿತ್ತು. ಕಲ್ಲು ಸಡಿಲವಾಗಿದೆ, ಎತ್ತಬಹುದಾ ಎಂದು ಆಳುಗಳು ಎ.ಸಿ.ಯವರನ್ನು ನೋಡಿದರು. ಎ.ಸಿ. ನಮ್ಮನ್ನು ನೋಡಿದರು. ಧನ್ಯಾ ಯಾರನ್ನೂ ನೋಡುತ್ತಿರಲಿಲ್ಲ. ಕಲ್ಲಿನ ಮೇಲೇ ಕಣ್ಣು ನೆಟ್ಟು, ತನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಆ ಕಡೆ ಹರ್ಷವರ್ಧನ್ ಬೆಳಿಗ್ಗೆಯಿಂದ ಮೊದಲ ಸಲ ನಕ್ಕ.

ನಾನು ಬಾಯಿಬಿಡಬಹುದಿತ್ತು. ಕಾಣೆಯಾದವನು ಈಗ ಈ ಫೋನಿನಲ್ಲಿದ್ದಾನೆ ಎಂದು ಕೂಗಬಹುದಿತ್ತು. ಆದರೆ ಆ ಮಾತು ನನ್ನದಲ್ಲ, ಆ ತಾಯಿಯದು. ನಾನು ಅವರ ಮುಖ ನೋಡುತ್ತಾ ನಿಂತೆ.

ಶಿವಗಂಗಮ್ಮ ಫೋನನ್ನು ಕಿವಿಯಿಂದ ತೆಗೆದರು. ಅದರೊಳಗೆ ಮಗ ಇನ್ನೂ ಅವ್ವಾ ಅವ್ವಾ ಎನ್ನುತ್ತಿದ್ದ. ಹೆಬ್ಬೆರಳಿನಿಂದ ಒತ್ತಿ ಬಂದ್ ಮಾಡಿದರು.

"ಯಾರಮ್ಮಾ ಫೋನು?" ಎ.ಸಿ. ಮೇಡಂ ಕೇಳಿದರು.

"ಯಾರೋ, ರಾಂಗ್ ನಂಬರು ಅಮ್ಮಾವ್ರೆ."

ಅವರು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ನಡೆದುಹೋಗಿ ಧನ್ಯಾಳ ಪಕ್ಕದಲ್ಲಿ ನಿಂತು, ಅವಳ ಕೈಯನ್ನು ಮತ್ತೆ ಹಿಡಿದುಕೊಂಡರು. ಈ ಸಲ ಗಟ್ಟಿಯಾಗಿ.

"ಎತ್ರಪ್ಪ," ಎಂದರು. "ಕಲ್ಲು ಎತ್ತಿ."